ಮೊದಲು ತೂತೋ, ಮೊದಲು ಆಳೋ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ನೆಲದಡಿ ಒಂದು ಬೊಗಸೆ ಕಲ್ಲಿದ್ದಲೂ ಇಲ್ಲ. ನಮ್ಮ ಕಾಲ ಕೆಳಗಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಬಂಡೆ. ಕಲ್ಲಿದ್ದಲಾಗಬೇಕಾದರೆ ಮೊದಲು ಕಾಡಿರಬೇಕು, ಆ ಕಾಡು ಜವುಗಿನಲ್ಲಿ ಹೂತುಹೋಗಬೇಕು. ನಮ್ಮ ಬಂಡೆ ಹುಟ್ಟಿದ ಕಾಲಕ್ಕೆ ಭೂಮಿಯ ಮೇಲೆ ಒಂದು ಎಸಳು ಗರಿಕೆಯೂ ಇರಲಿಲ್ಲ. ಹಾಗಿದ್ದ ಮೇಲೆ ಕಲ್ಲಿದ್ದಲು ಗಣಿಯ ಗ್ಯಾಸು ತೆಗೆಯುವ ಬಾವಿಯ ಚರಿತ್ರೆ ನಮಗೆ ಯಾಕೆ ಎಂದು ಕೇಳುವವರು ಕೇಳಲಿ. ನಾವು ಹೇಳುವುದು ಇಷ್ಟೆ: ಗಣಿಗೂ ನಮಗೂ ಸಂಬಂಧ ನೆಲದ ಮೇಲಿಂದಲೇ ಇದೆ.

ಲಕ್ಷ್ಮಣತೀರ್ಥ ಹುಣಸೂರಿನ ಮೈಗೆ ತಾಗಿಕೊಂಡು ಹರಿದು ಕಾವೇರಿಗೆ ಸೇರುತ್ತದೆ. ಆ ಕಾವೇರಿ ಪಿರಿಯಾಪಟ್ಟಣದ ಅಂಚು ಸವರಿ, ಚುಂಚನಕಟ್ಟೆಯಲ್ಲಿ ಧುಮುಕಿ, ಹಿಂದೆ ಯಡತೊರೆ ಎನ್ನುತ್ತಿದ್ದ ಕೆ.ಆರ್. ನಗರದ ಗದ್ದೆ ನೆನೆಸಿ ಕನ್ನಂಬಾಡಿಗೆ ಹೋಗುತ್ತದೆ. ಕೋಟೆಯ ಕಬಿನಿ ತಿರುಮಕೂಡಲಿನಲ್ಲಿ ಬಂದು ಕೂಡುತ್ತದೆ. ನಾಲ್ಕೂ ತಾಲ್ಲೂಕಿನ ನೀರು ಒಂದಾಗಿ ಬೀಳುವುದು ಶಿವನಸಮುದ್ರದಲ್ಲಿ. 1902ರಲ್ಲಿ ಆ ನೀರಿನಿಂದ ಕರೆಂಟು ತೆಗೆದಾಗ ಅದು ನಮ್ಮ ಕೇರಿಗೆ ಬರಲಿಲ್ಲ. ಮೈಸೂರಿಗೂ ಬರಲಿಲ್ಲ, ಅರಮನೆಗೂ ಬರಲಿಲ್ಲ. ನೂರೈವತ್ತು ಕಿಲೋಮೀಟರು ತಂತಿ ಎಳೆದು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಒಯ್ದರು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನಮ್ಮ ಹಟ್ಟಿಗಳಿಗೆ ಯಾವಾಗ ಬಂತು ಅನ್ನೋದನ್ನ ನಮ್ಮ ಅಜ್ಜಿಯರನ್ನೇ ಕೇಳಬೇಕು.

ಈಗ ಲೆಕ್ಕ ತಿರುಗಿದೆ. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾಯಿತು. ಸಿಂಗರೇಣಿಯ ಮತ್ತು ದೂರದ ಬೇರೆ ಗಣಿಗಳ ಕಲ್ಲಿದ್ದಲು ರೈಲಿನಲ್ಲಿ ಬಂದು ಅಲ್ಲಿ ಉರಿಯುತ್ತದೆ. ಆ ಕರೆಂಟು ಎಲ್ಲರ ಕರೆಂಟಿನ ಜೊತೆ ಬೆರೆತು ನಮ್ಮ ಪಂಪುಸೆಟ್ಟಿಗೂ, ಹೊಗೆಸೊಪ್ಪಿನ ಬ್ಯಾರನ್ನಿನ ಮುಂದಿನ ಬಲ್ಬಿಗೂ ಬರುತ್ತದೆ. ಸ್ವಿಚ್ಚು ಹಾಕೋನಿಗೆ ಇದು ಯಾವ ಗಣಿಯ ಬೆಳಕು, ಯಾರು ಇಳಿದು ತೆಗೆದರು ಅಂತ ಗೊತ್ತಾಗೋದಿಲ್ಲ. ಗೊತ್ತಾಗದ ಹಾಗೆ ಮಾಡಿಟ್ಟಿರುವುದೇ ಈ ವ್ಯವಸ್ಥೆಯ ಕೆಲಸ.

ಕಲ್ಲಿದ್ದಲಿನ ಜೊತೆಗೇ ಹುಟ್ಟಿದ ಗ್ಯಾಸು ಮೀಥೇನ್. ಹಿತ್ತಿಲಿನ ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ. ಬಣ್ಣವಿಲ್ಲ, ವಾಸನೆಯಿಲ್ಲ, ಗಾಳಿಗಿಂತ ಹಗುರ. ಕಲ್ಲಿದ್ದಲಿನ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತುಗಳಲ್ಲಿ, ಮೇಲಿನ ನೆಲದ ಭಾರಕ್ಕೆ ಅದುಮಿಕೊಂಡು ಕೂತಿರುತ್ತದೆ. ಹಾರೆ ಹಾಕಿದಾಗ ಭಾರ ಸಡಿಲವಾಗಿ ಹೊರಗೆ ಬರುತ್ತದೆ, ಸುರಂಗದ ಚಾವಣಿಗೆ ಹೋಗಿ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ 5 ಪಾಲಿಗಿಂತ ಕಮ್ಮಿ ಇದ್ದರೆ ಸಿಡಿಯುವುದಿಲ್ಲ, 15 ದಾಟಿದರೂ ಸಿಡಿಯುವುದಿಲ್ಲ. ನಡುವೆ ಇದ್ದಾಗ ಗುದ್ದಲಿ ಕಲ್ಲಿಗೆ ತಾಗಿದ ಒಂದು ಕಿಡಿ ಸಾಕು. ಸಿಡಿದ ಗ್ಯಾಸು ನೆಲದ ಮೇಲೆ ಬಿದ್ದ ಕಲ್ಲಿದ್ದಲ ಪುಡಿಯನ್ನು ಎಬ್ಬಿಸುತ್ತದೆ, ಆ ಪುಡಿ ಹೊತ್ತಿಕೊಂಡು ಮೈಲಿಗಟ್ಟಲೆ ಸುರಂಗದಲ್ಲಿ ಬೆಂಕಿ ಓಡುತ್ತದೆ. ಬೆಂಕಿಗೆ ಸಿಕ್ಕದವನನ್ನು ಅದು ಉಳಿಸಿಹೋದ ವಿಷದ ಹೊಗೆ ಕೊಲ್ಲುತ್ತದೆ.

ಇದಕ್ಕೆ ಮದ್ದೇನು? ಗಾಳಿ ಬೀಸಿ ಗ್ಯಾಸನ್ನು ತೆಳ್ಳಗೆ ಮಾಡುವುದು ಒಂದು. ಗ್ಯಾಸು ಗಣಿಯೊಳಕ್ಕೆ ಬರುವ ಮೊದಲೇ ತೂತು ಕೊರೆದು ಹೀರಿ ಹೊರಹಾಕುವುದು ಇನ್ನೊಂದು. ಈ ಎರಡನೆಯದರ ಕತೆಯನ್ನೇ ನಾವು ಇಲ್ಲಿ ಹೇಳಹೊರಟಿರುವುದು.

ನಮ್ಮ ಕಡೆ ಬೋರ್‌ವೆಲ್ ಕೊರೆಸುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಪಾಯಿಂಟು ನೋಡೋನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾನೆ. ಕಾಯಿ ಎದ್ದು ನಿಂತ ಕಡೆ ಕಲ್ಲು ನೆಡುತ್ತಾರೆ. ರಾತ್ರೋರಾತ್ರಿ ರಿಗ್ ಲಾರಿ ಬರುತ್ತದೆ. ಮಣ್ಣು ಮುಗಿಯುವವರೆಗೆ ಕೇಸಿಂಗ್ ಪೈಪು, ಆಮೇಲೆ ಬರೀ ಬಂಡೆ, ಅಡಿಗೆ ಇಷ್ಟು ಅಂತ ರೇಟು. ನೀರು ಬಿದ್ದರೆ ಪೂಜೆ, ಬೀಳದಿದ್ದರೆ ಧೂಳು, ಧೂಳಿನ ಜೊತೆ ಸಾಲ.

ಗ್ಯಾಸಿನ ಬಾವಿಗೆ ಈ ಕಾಯಿ ಆಗುವುದಿಲ್ಲ. ಗಣಿ ಶುರುವಾಗುವುದಕ್ಕೆ ವರ್ಷಗಳ ಮುಂಚೆಯೇ ಅಲ್ಲಲ್ಲಿ ಕೊರೆದು ಕಲ್ಲಿದ್ದಲಿನ ಉದ್ದನೆಯ ಕಂಬದಂಥ ತುಂಡು ಮೇಲೆತ್ತಬೇಕು. ಎತ್ತಿದ ತಕ್ಷಣ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ, ಅದರಿಂದ ಎಷ್ಟು ಗ್ಯಾಸು ಬಿಡುಗಡೆಯಾಗುತ್ತದೆ ಅಂತ ದಿನಗಟ್ಟಲೆ ಅಳೆಯಬೇಕು. ಟನ್ನು ಕಲ್ಲಿದ್ದಲಿಗೆ ಎಷ್ಟು ಘನ ಮೀಟರು ಗ್ಯಾಸು ಎಂಬ ಲೆಕ್ಕ ಅಲ್ಲಿಂದ ಬರುತ್ತದೆ. ಭಾರತದಲ್ಲಿ ಗಣಿಗಳನ್ನು ಒಂದು, ಎರಡು, ಮೂರನೆ ದರ್ಜೆ ಅಂತ ವಿಂಗಡಿಸುವುದು ಇಂಥ ಲೆಕ್ಕದ ಮೇಲೆಯೆ. ಟನ್ನಿಗೆ 10 ಘನ ಮೀಟರಿಗಿಂತ ಹೆಚ್ಚು ಗ್ಯಾಸು ಬಿಡುವ ಗಣಿ ಮೂರನೆ ದರ್ಜೆಯದು, ಎಲ್ಲಕ್ಕಿಂತ ಅಪಾಯದ್ದು. ಕಲ್ಲಿದ್ದಲ ಪದರದಲ್ಲಿ ಬಿರುಕು ಯಾವ ದಿಕ್ಕಿಗೆ ಓಡಿದೆ, ಗ್ಯಾಸು ಅದರೊಳಗೆ ಸಲೀಸಾಗಿ ಹರಿಯುತ್ತದೋ ಇಲ್ಲವೋ, ಮೇಲೆ ಕೆಳಗೆ ಇನ್ನೆಷ್ಟು ಪದರವಿದೆ, ನಡುವೆ ನೀರಿನ ಸೆಲೆ ಎಲ್ಲಿದೆ, ಇಷ್ಟನ್ನೂ ನಕ್ಷೆ ಮಾಡಬೇಕು.

ಆಮೇಲೆ ತೂತು ಎಲ್ಲಿ ಅನ್ನುವುದು. ಲಾಂಗ್‌ವಾಲ್ ಎಂಬ ಪದ್ಧತಿಯಲ್ಲಿ ಕಲ್ಲಿದ್ದಲಿನ ಉದ್ದನೆಯ ಗೋಡೆಯನ್ನು ಯಂತ್ರ ಸಾಲುಸಾಲಾಗಿ ಕೆತ್ತುತ್ತಾ ಮುಂದೆ ಹೋಗುತ್ತದೆ. ಹಿಂದೆ ಖಾಲಿಯಾದ ಜಾಗದ ಚಾವಣಿ ಕುಸಿದು ಬೀಳುತ್ತದೆ. ಕುಸಿದಾಗ ಮೇಲಿನ ಪದರಗಳೂ ಸಡಿಲವಾಗಿ ಅವುಗಳ ಗ್ಯಾಸೆಲ್ಲ ಈ ಹಾಳುಜಾಗಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಲಸದವರ ಕಡೆಗೆ ನುಗ್ಗುತ್ತದೆ. ಅದಕ್ಕೇ ನೆಲದ ಮೇಲಿನಿಂದ ನೆಟ್ಟಗೆ ಒಂದು ಬಾವಿ ಕೊರೆದು, ಕಲ್ಲಿದ್ದಲನ್ನು ಮುಟ್ಟದೆ ಅದರ ಮೇಲೆ ಒಂದಷ್ಟು ಮೀಟರು ಬಿಟ್ಟು ನಿಲ್ಲಿಸುತ್ತಾರೆ. ಮೇಲಿನ ಭಾಗಕ್ಕೆ ಕೇಸಿಂಗ್ ಇಳಿಸಿ ಸಿಮೆಂಟು ತುಂಬುತ್ತಾರೆ, ನೀರಿನ ಸೆಲೆ ಕೆಡದಿರಲಿ ಅಂತ. ಕೆಳಗಿನ ಪೈಪಿಗೆ ಸೀಳು ಹಾಕಿರುತ್ತಾರೆ, ಗ್ಯಾಸು ಒಳಗೆ ಬರಲಿ ಅಂತ. ಮೇಲೆ ಹೀರುವ ಪಂಪು. ಕೆಟ್ಟ ಗಾಳಿ ಹೊರಗೆ ಹೋಗುವ ಬದಿಗೆ ಗ್ಯಾಸು ಒತ್ತರಿಸುವುದರಿಂದ ಬಾವಿಯನ್ನು ನಟ್ಟನಡುವೆ ಹಾಕದೆ ಆ ಬದಿಗೆ ಸರಿಸಿ ಹಾಕುತ್ತಾರೆ. ಕೆಲಸ ಶುರುವಾಗುವ ತುದಿಗೆ ಹತ್ತಿರವಾಗಿ ಮೊದಲನೆಯದು, ಆಮೇಲೆ ಅಂತರ ಅಂತರಕ್ಕೆ ಒಂದೊಂದು. ಹೀರಿದ ಗ್ಯಾಸಿನಲ್ಲಿ ಮೀಥೇನು ನೂರಕ್ಕೆ 30ಕ್ಕಿಂತ ಇಳಿಯಬಾರದು. ಇಳಿದರೆ ಪೈಪೇ ಮದ್ದಿನ ಕೊಳವೆಯಾಗುತ್ತದೆ. ಇನ್ನು ಕೆಲವು ಕಡೆ ಸುರಂಗದ ಒಳಗಿನಿಂದಲೇ ಕಲ್ಲಿದ್ದಲಿಗೆ ಅಡ್ಡಡ್ಡಲಾಗಿ, ಇಲ್ಲವೆ ಚಾವಣಿಗೆ ಓರೆಯಾಗಿ ಕೊರೆಯುತ್ತಾರೆ.

ಇಷ್ಟೆಲ್ಲದರ ಜೀವ ಇರುವುದು ಒಂದು ತಾರೀಕಿನಲ್ಲಿ. ಕೆತ್ತುವ ಯಂತ್ರ ಕೆಳಗೆ ಬರುವಷ್ಟರಲ್ಲಿ ಮೇಲಿನ ಬಾವಿ ಸಿದ್ಧವಿರಬೇಕು. ಅಂದರೆ ಒಂದು ಮಂಕರಿ ಕಲ್ಲಿದ್ದಲೂ ಮಾರಾಟವಾಗುವ ಮೊದಲೆ, ಯಾರೋ ಮುಂದೆಂದೋ ಒಳಗಿಳಿಯಲಿರುವ ಕೂಲಿಯ ಉಸಿರಿಗಾಗಿ ದುಡ್ಡು ಸುರಿಯಬೇಕು. ಇದು ಎಂಜಿನಿಯರಿಂಗ್ ಲೆಕ್ಕದ ಹಾಗೆ ಕಾಣುತ್ತದೆ. ನಮಗೆ ಇದರೊಳಗೆ ಇನ್ನೊಂದು ಲೆಕ್ಕ ಕಾಣುತ್ತದೆ: ಮೊದಲು ತೂತೋ, ಮೊದಲು ಆಳೋ?

ಬಹಳ ಕಾಲ ಆಳೇ ಮೊದಲು. ಯೂರೋಪಿನ ಗಣಿಗಳಲ್ಲಿ ಬೆಳಗಿನ ಜಾವ ಎಲ್ಲರಿಗಿಂತ ಮುಂಚೆ ಒಬ್ಬನನ್ನು ಇಳಿಸುತ್ತಿದ್ದರು. ಒದ್ದೆ ಗೋಣಿ ಹೊದ್ದುಕೊಂಡು, ಉದ್ದನೆಯ ಕೋಲಿನ ತುದಿಗೆ ಉರಿಯುವ ಮೋಂಬತ್ತಿ ಕಟ್ಟಿಕೊಂಡು ಅವನು ಹೊಟ್ಟೆಯ ಮೇಲೆ ತೆವಳಬೇಕು. ಬತ್ತಿಯನ್ನು ಚಾವಣಿಗೆ ಒಡ್ಡಿ ರಾತ್ರಿ ಕೂಡಿಕೊಂಡ ಗ್ಯಾಸನ್ನು ತಾನೇ ಹೊತ್ತಿಸಿ ನೆಲಕ್ಕೆ ಮುಖ ಒತ್ತಿಕೊಳ್ಳಬೇಕು. ಉಳಿದರೆ ಕೂಲಿ. ಫ್ರಾನ್ಸಿನಲ್ಲಿ ಅವನನ್ನು ಪ್ರಾಯಶ್ಚಿತ್ತದವನು ಅಂತ ಕರೆಯುತ್ತಿದ್ದರು, ಅವನ ಮುಸುಕು ಸನ್ಯಾಸಿಯ ಮುಸುಕಿನ ಹಾಗಿತ್ತು ಎಂದು. ಯಾವ ಪಾಪಕ್ಕೆ ಪ್ರಾಯಶ್ಚಿತ್ತ? ಬಡವನಾಗಿ ಹುಟ್ಟಿದ್ದಕ್ಕೆ. ಹೆಸರಿಡುವುದರಲ್ಲಿ ಎಲ್ಲ ದೇಶದ ಪುರೋಹಿತಶಾಹಿಯೂ ಒಂದೇ. (ಗಣಿಯೊಳಕ್ಕೆ ಹಕ್ಕಿ ಒಯ್ಯುತ್ತಿದ್ದ ಕತೆಯನ್ನು ಎಲ್ಲರೂ ಹೇಳುತ್ತಾರೆ. ಹಕ್ಕಿ ಬಂದದ್ದು ಇದೆಲ್ಲ ಆಗಿ ಎಷ್ಟೋ ಕಾಲದ ಮೇಲೆ, ಅದೂ ಮೀಥೇನಿಗಲ್ಲ, ಬೆಂಕಿಯ ಮೇಲೆ ಹುಟ್ಟುವ ವಿಷದ ಗಾಳಿಗೆ. ಹಕ್ಕಿಯನ್ನು ನೆನೆಸಿಕೊಳ್ಳುವವರು ಗೋಣಿ ಹೊದ್ದವನನ್ನು ಮರೆತಿದ್ದಾರೆ.)

ಹಾಗಂತ ತೂತಿನ ವಿದ್ಯೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಇಂಗ್ಲೆಂಡಿನ ವೈಟ್‌ಹೇವನ್ ಎಂಬಲ್ಲಿ ಸಮುದ್ರದಡಿಗೆ ಹೋಗುವ ಗಣಿಯೊಂದರಲ್ಲಿ ಗ್ಯಾಸು ಬುಸುಗುಟ್ಟಿದಾಗ ಅದನ್ನು ಕೊಳವೆಯಲ್ಲಿ ಹಿಡಿದು ಮೇಲಕ್ಕೆ ತಂದಿದ್ದರು. 1733ರಲ್ಲೇ ಈ ಸಂಗತಿ ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರಿಗೆ ವರದಿಯಾಗಿತ್ತು. ಆ ಗಣಿಯ ಮೇಲ್ವಿಚಾರಕ ಕಾರ್ಲೈಲ್ ಸ್ಪೆಡ್ಡಿಂಗ್, ಇದೇ ಗ್ಯಾಸಿನಿಂದ ಊರಿನ ಬೀದಿಗೆ ದೀಪ ಹಚ್ಚಿಸುತ್ತೇನೆ ಅಂದ. ಊರ ಯಜಮಾನರು ಒಪ್ಪಲಿಲ್ಲ. 1755ರಲ್ಲಿ ಸ್ಪೆಡ್ಡಿಂಗನೇ ಗ್ಯಾಸು ಸಿಡಿದು ಸತ್ತ.

1812ರ ಮೇ ತಿಂಗಳಲ್ಲಿ ಫೆಲ್ಲಿಂಗ್ ಗಣಿ ಸಿಡಿದು 92 ಜನ ಸತ್ತರು. ಅವರಲ್ಲಿ ಎಳೆಯ ಹುಡುಗರು ಎಷ್ಟೋ ಮಂದಿ. ಆ ಸಾವಿನ ಗದ್ದಲದಿಂದ 1815ರಲ್ಲಿ ಹಂಫ್ರಿ ಡೇವಿಯ ಸುರಕ್ಷಾ ದೀಪ ಬಂತು; ಅದೇ ವರ್ಷ ಗಣಿ ಕಾರ್ಮಿಕನ ಮಗ ಜಾರ್ಜ್ ಸ್ಟೀಫನ್ಸನ್ನೂ ತನ್ನದೊಂದು ದೀಪ ಮಾಡಿದ. ಡೇವಿಗೆ ಸನ್ಮಾನ, ಸ್ಟೀಫನ್ಸನ್ನನಿಗೆ ಓದು ಬಾರದವನು ಹೇಗೆ ಮಾಡಿಯಾನು ಎಂಬ ಅನುಮಾನ. ಆಮೇಲೆ ಆದದ್ದೇನು? ದೀಪ ಇದೆಯಲ್ಲ ಎಂದು ಮಾಲೀಕರು ಹಿಂದೆ ಗ್ಯಾಸಿಗೆ ಹೆದರಿ ಮುಚ್ಚಿದ್ದ ಪದರಗಳನ್ನೂ ತೆಗೆಸಿದರು, ಇನ್ನೂ ಆಳಕ್ಕೆ ಇಳಿಸಿದರು. ಸಿಡಿತ ನಿಲ್ಲಲಿಲ್ಲ. 1906ರಲ್ಲಿ ಫ್ರಾನ್ಸಿನ ಕೂರಿಯೇರ್ ಗಣಿಯಲ್ಲಿ ಒಂದೇ ಬೆಳಿಗ್ಗೆ 1,099 ಜನ ಹೋದರು. ಆಳನ್ನು ಉಳಿಸಲು ಬಂದ ಉಪಕರಣ ಆಳನ್ನು ಇನ್ನೂ ಕೆಳಕ್ಕೆ ತಳ್ಳುವ ಉಪಕರಣವಾದದ್ದು ಅದೇ ಮೊದಲಲ್ಲ, ಕಡೆಯೂ ಅಲ್ಲ.

ಗ್ಯಾಸನ್ನು ಕ್ರಮವಾಗಿ ಕೊರೆದು ಹೀರುವ ಕೆಲಸ ಮೊದಲ ಸಲ ಗೆದ್ದದ್ದು ಜರ್ಮನಿಯ ರೂರ್ ಪ್ರದೇಶದ ಮಾನ್ಸ್‌ಫೆಲ್ಡ್ ಗಣಿಯಲ್ಲಿ, 1943ರಲ್ಲಿ. ವೈಟ್‌ಹೇವನ್ನಿನ ಕೊಳವೆಗೂ ಇದಕ್ಕೂ ನಡುವೆ 210 ವರ್ಷ. ಅದೂ ಕರುಣೆಯಿಂದ ಬಂದದ್ದಲ್ಲ. ಹಿಟ್ಲರನ ಯುದ್ಧಕ್ಕೆ ಕಲ್ಲಿದ್ದಲು ಬೇಕಿತ್ತು, ಗ್ಯಾಸು ಆ ಕಲ್ಲಿದ್ದಲಿಗೆ ಅಡ್ಡ ನಿಂತಿತ್ತು. ಆಗ ರೂರ್ ಗಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಯುದ್ಧಕೈದಿಗಳೂ ಬಲವಂತದ ಜೀತದವರೂ ಸಾವಿರಗಟ್ಟಲೆ ಇದ್ದರು.

ಆ 1943ನೇ ಇಸವಿಯನ್ನು ನಾವು ಹಿಡಿದುಕೊಳ್ಳಬೇಕು. ಯಾಕೆಂದರೆ ಅದೇ ವರ್ಷ ನಮ್ಮ ದೇಶದಲ್ಲಿ ಇನ್ನೆರಡು ಸಂಗತಿ ನಡೆದವು.

ಅದಕ್ಕೆ ಮುಂಚೆ ನಮ್ಮ ಕಲ್ಲಿದ್ದಲು ಗಣಿಗೆ ಯಾರು ಇಳಿದರು ಅನ್ನುವುದನ್ನು ಹೇಳಬೇಕು. ಬಂಗಾಳದ ರಾಣಿಗಂಜಿನಲ್ಲಿ 1774ರಲ್ಲಿ ಇಂಗ್ಲಿಷರು ಗಣಿ ತೆರೆದರು. 1830ರ ದಶಕದಲ್ಲಿ ದ್ವಾರಕಾನಾಥ ಟಾಗೋರರ ಕಂಪನಿ ರಾಣಿಗಂಜಿನ ಗಣಿ ಕೊಂಡಿತು. ಝರಿಯಾ 1890ರ ದಶಕದಲ್ಲಿ ಎದ್ದಿತು. ಇಳಿದವರು ಸಂತಾಲರು, ಬೌರಿಗಳು, ಭುಯ್ಯಾರು, ಆದಿವಾಸಿಗಳು, ಅಸ್ಪೃಶ್ಯರು. ಒಂದು ತುಂಡು ನೆಲ ಉಳಲು ಕೊಟ್ಟು, ಗಣಿಗೆ ಇಳಿದರೆ ಮಾತ್ರ ನೆಲ ನಿನ್ನದು ಎಂದು ಷರತ್ತು ಹಾಕಿದ ಕಂಪನಿಗಳಿದ್ದವು. ಜೀತಕ್ಕೆ ಇಂಗ್ಲಿಷಿನಲ್ಲಿ ಬೇರೆ ಹೆಸರು ಬಂದಿತ್ತು, ಅಷ್ಟೆ. ಗಂಡ ಕೆತ್ತಿದರೆ ಹೆಂಡತಿ ತಲೆಯ ಮೇಲೆ ಮಂಕರಿ ಹೊರುತ್ತಿದ್ದಳು. ಮೇಲೆ ಕೂತು ಮಂಕರಿ ಎಣಿಸುವವನು ಬಾಬು. ಯಾವ ಶಾಸ್ತ್ರದಲ್ಲೂ ಗಣಿಯ ಮಾತಿಲ್ಲ. ಆದರೆ ಗಣಿ ತೆರೆದ ದಿನವೇ ವರ್ಣಾಶ್ರಮ ಅಲ್ಲಿ ಹಾಜರಾಗಿ ತನ್ನ ತನ್ನ ಜಾಗದಲ್ಲಿ ನಿಂತುಕೊಂಡಿತು. ಜಾತಿ ಮೇಲೆ ಕೆಳಗೆ ಎಂದು ನಾವು ಉಪಮೆಗೆ ಹೇಳುತ್ತೇವೆ. ಅಲ್ಲಿ ಅದನ್ನು ಅಡಿಗಳಲ್ಲಿ ಅಳೆಯಬಹುದಾಗಿತ್ತು.

ಹೆಂಗಸರನ್ನು ನೆಲದಡಿಗೆ ಇಳಿಸಬಾರದೆಂದು 1929ರಲ್ಲಿ ನಿಯಮವಾಗಿ, ಹಂತಹಂತವಾಗಿ 1937ರ ಹೊತ್ತಿಗೆ ನಿಂತಿತ್ತು. ಯುದ್ಧ ಬಂತು. 1943ರ ಆಗಸ್ಟಿನಲ್ಲಿ ಆ ನಿಷೇಧವನ್ನು ಸರ್ಕಾರ ತೆಗೆದುಹಾಕಿತು. ಇದು ಮೊದಲ ಸಂಗತಿ. ಜರ್ಮನಿಯವನು ತೂತು ಕೊರೆದ ವರ್ಷವೇ ನಮ್ಮವರು ಹೆಂಗಸರನ್ನು ಇಳಿಸಿದರು. ಕಲ್ಲಿದ್ದಲು ಸಾಲದಾದಾಗ ಒಬ್ಬರು ಯಂತ್ರದ ಕಡೆ ನೋಡಿದರು, ಒಬ್ಬರು ಬೌರಿ ಹೆಂಗಸಿನ ತಲೆಯ ಕಡೆ ನೋಡಿದರು.

ಎರಡನೆಯದು, ಅದೇ ಡಿಸೆಂಬರಿನಲ್ಲಿ ಒಬ್ಬ ಅಸ್ಪೃಶ್ಯ ಆ ಗಣಿಯೊಳಕ್ಕೆ ಕೂಲಿಯಾಗಿ ಅಲ್ಲದೆ ಮಂತ್ರಿಯಾಗಿ ಇಳಿದದ್ದು. ವೈಸರಾಯರ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹಿಡಿದಿದ್ದ ಬಾಬಾಸಾಹೇಬರು ಧನ್‌ಬಾದಿಗೆ ಬಂದು, ಝರಿಯಾದ ಗಣಿಯಲ್ಲಿ ನಾನೂರು ಅಡಿ ಆಳಕ್ಕೆ ಇಳಿದರು. ಹೆಂಗಸರು ಗಂಡಸರು ಕೆಲಸ ಮಾಡುವುದನ್ನು ನಿಂತು ನೋಡಿದರು. ಮೇಲೆ ಬಂದು ಧೌರಾ ಎಂದು ಕರೆಯುವ ಕೂಲಿಮನೆಗಳನ್ನು ಹೊಕ್ಕು ನೋಡಿದರು. ಮರುತಿಂಗಳು, 1944ರ ಜನವರಿ 31ರಂದು, ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿಯ ಸುಗ್ರೀವಾಜ್ಞೆ ಬಂತು. ಗಣಿಯಿಂದ ಹೊರಡುವ ಕಲ್ಲಿದ್ದಲಿನ ಮೇಲೇ ಸುಂಕ ಹಾಕಿ ಮನೆ, ನೀರು, ಆಸ್ಪತ್ರೆಗೆ ಹಣ ತೆಗೆಯುವ ಏರ್ಪಾಡು ಅದು. ಫೆಬ್ರವರಿ 8ರಂದು ಶಾಸನಸಭೆಯಲ್ಲಿ ಹೆಂಗಸರನ್ನು ಇಳಿಸಿದ್ದರ ಬಗ್ಗೆ ಸದಸ್ಯರು ಬಾಬಾಸಾಹೇಬರನ್ನೇ ಹಿಡಿದು ಕೇಳಿದರು. ಅವರು ಇದು ಯುದ್ಧದ ತುರ್ತು ಎಂದು ಸಮರ್ಥಿಸಿಕೊಂಡರು. ಹೆಂಗಸಿಗೂ ಗಂಡಸಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಷರತ್ತು ಹಾಕಿದ್ದೇವೆ ಎಂದೂ ಹೇಳಿದರು. ನಿಷೇಧ ಮತ್ತೆ ಜಾರಿಯಾದದ್ದು 1946ರ ಫೆಬ್ರವರಿ 1ರಂದು, ಅವರು ಇನ್ನೂ ಅದೇ ಖಾತೆಯಲ್ಲಿದ್ದಾಗ. ಇದನ್ನು ಮುಚ್ಚಿಟ್ಟು ಬರೀ ಹಾರ ಹಾಕುವುದು ನಮ್ಮ ಕೆಲಸವಲ್ಲ. ಬ್ರಿಟಿಷರ ಯುದ್ಧಸರ್ಕಾರದ ಕುರ್ಚಿ ಅದು. ಆ ಕುರ್ಚಿಯಲ್ಲಿ ಕೂತು ಎಷ್ಟು ಕಿತ್ತುಕೊಳ್ಳಬಹುದೋ ಅಷ್ಟನ್ನು ಕಿತ್ತುಕೊಂಡರು, ಕಿತ್ತುಕೊಳ್ಳಲಾಗದ್ದೂ ಇತ್ತು ಎಂದು ಬರೆಯುವುದೇ ಅವರಿಗೆ ಗೌರವ.

ಸ್ವಾತಂತ್ರ್ಯ ಬಂತು. 1958ರ ಫೆಬ್ರವರಿ 19ರಂದು ರಾಣಿಗಂಜ್ ಪ್ರದೇಶದ ಚಿನಾಕುರಿ ಗಣಿಯಲ್ಲಿ ಗ್ಯಾಸು ಸಿಡಿದು 176 ಜನ ಸತ್ತರು. 1965ರ ಮೇ 28ರಂದು ಧೋರಿಯಲ್ಲಿ ಸರ್ಕಾರದ ಲೆಕ್ಕದಂತೆ 268. 1973ರ ಮಾರ್ಚಿನಲ್ಲಿ ಜೀತ್‌ಪುರದಲ್ಲಿ 48. ಗಣಿಗಳು ಅಷ್ಟರಲ್ಲಿ ಖಾಸಗಿಯವರ ಕೈಬಿಟ್ಟು ರಾಷ್ಟ್ರದ್ದಾಗುತ್ತಿದ್ದವು. ರಾಷ್ಟ್ರೀಕರಣ ಆದಾಗ ನಮ್ಮಂಥವರು ಚಪ್ಪಾಳೆ ತಟ್ಟಿದ್ದು ನಿಜ, ತಟ್ಟಬೇಕಾದದ್ದೂ ನಿಜ. ಕೂಲಿ ಕಾಯಮ್ಮಾಯಿತು, ಕ್ವಾರ್ಟರ್ಸು ಬಂತು. ಆದರೆ ಗ್ಯಾಸಿಗೆ ಮಾಲೀಕ ಬದಲಾದದ್ದು ಗೊತ್ತಾಗಲಿಲ್ಲ. 2006ರ ಸೆಪ್ಟೆಂಬರ್ 6ರಂದು ಸರ್ಕಾರಿ ಕಂಪನಿಯ ಭಾಟ್‌ಡೀಹ್ ಗಣಿಯಲ್ಲಿ 50 ಜನ ಗ್ಯಾಸು ಸಿಡಿದು ಸತ್ತರು. 2010ರ ಮೇ ತಿಂಗಳಲ್ಲಿ ಛತ್ತೀಸ್‌ಗಢದ ಅಂಜನ್ ಹಿಲ್ ಗಣಿಯಲ್ಲಿ ಮತ್ತೆ ಸಿಡಿತ, ಮತ್ತೆ ಹೆಣ.

ಕಾನೂನು ಇರಲಿಲ್ಲವೆ? ಇತ್ತು. 1957ರ ಕಲ್ಲಿದ್ದಲು ಗಣಿ ನಿಯಮಗಳಲ್ಲಿ ಗ್ಯಾಸು ನೂರಕ್ಕೆ 1.25 ದಾಟಿದರೆ ಕರೆಂಟು ತೆಗೆದು ಜನರನ್ನು ಹೊರಗೆ ಕರೆಯಬೇಕು ಎಂದಿತ್ತು. ಅಳೆಯುವವನು ಸರದಾರ. ಕೈಯಲ್ಲಿ ದೀಪ ಹಿಡಿದು ಚಾವಣಿಗೆ ಎತ್ತಿ, ಜ್ವಾಲೆಯ ಮೇಲೆ ಏಳುವ ನೀಲಿ ಟೊಪ್ಪಿಯ ಎತ್ತರ ನೋಡಿ ಪಾಲು ಹೇಳಬೇಕು. ಅಂದರೆ ಅಳೆಯಬೇಕಾದರೂ ಮೊದಲು ಒಬ್ಬ ಗ್ಯಾಸಿನೊಳಕ್ಕೆ ಹೋಗಲೇಬೇಕು. ಗೋಣಿ ಹೊದ್ದವನ ಕೈಗೆ ಒಳ್ಳೆಯ ದೀಪ ಕೊಟ್ಟಿದ್ದರು.

ತೂತು ಭಾರತಕ್ಕೆ ದೊಡ್ಡದಾಗಿ ಬಂದದ್ದು ಯಾವಾಗ? 1997ರಲ್ಲಿ ಕೇಂದ್ರ ಸರ್ಕಾರ ಕಲ್ಲಿದ್ದಲ ಪದರದ ಮೀಥೇನಿನ ನೀತಿ ತಂದಿತು. ತಂದದ್ದು ಕಾರ್ಮಿಕ ಇಲಾಖೆಯಲ್ಲ, ಪೆಟ್ರೋಲಿಯಂ ಇಲಾಖೆ. ಬ್ಲಾಕು ಬ್ಲಾಕಾಗಿ ಹರಾಜು. 2007ರಲ್ಲಿ ರಾಣಿಗಂಜಿನಲ್ಲಿ ಖಾಸಗಿ ಕಂಪನಿಯೊಂದು ಬಾವಿ ಕೊರೆದು ಗ್ಯಾಸು ಮಾರಲು ಶುರುಮಾಡಿತು. ಝರಿಯಾದ ಮೂನಿಡಿಹ್ ಗಣಿಯಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಬಾವಿ ತೋಡಿ ಗ್ಯಾಸಿನಿಂದ ಕರೆಂಟು ತೆಗೆದು ತೋರಿಸಿದರು. ಬೇಡ ಅನ್ನೋದಿಲ್ಲ, ಒಳ್ಳೆಯದೇ. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ: ಚಿನಾಕುರಿಯ 176 ಹೆಣಕ್ಕೆ ಬಾರದ ರಿಗ್ಗು, ಗ್ಯಾಸಿಗೆ ರೇಟು ಕಟ್ಟಿದ ಮೇಲೆ ಲಗುಬಗೆಯಿಂದ ಬಂತು.

ನಮ್ಮ ನೀರಿನಿಂದ ನಡೆದ ಕೋಲಾರದ ಗಣಿಗೂ ಒಂದು ಮಾತು. ಅಲ್ಲಿ ಕೊಲ್ಲುತ್ತಿದ್ದದ್ದು ಮೀಥೇನಲ್ಲ, ಬಂಡೆ. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿ ಚಿನ್ನದ ಬೆನ್ನು ಹತ್ತಿ ಇಳಿಯುತ್ತಾ ಇಳಿಯುತ್ತಾ, ಚಾಂಪಿಯನ್ ರೀಫ್ ಗಣಿ ಕಡೆಗೆ ಮೂರು ಕಿಲೋಮೀಟರಿಗೂ ಆಳವಾಯಿತು. ಅಷ್ಟು ಆಳದಲ್ಲಿ ಬಂಡೆ ಮೇಲಿನ ಭಾರ ತಾಳಲಾರದೆ ಮದ್ದಿಟ್ಟ ಹಾಗೆ ತಾನೇ ಸಿಡಿಯುತ್ತದೆ. ಇಳಿದವರು ಆರ್ಕಾಟಿನ ಕಡೆಯ ತಮಿಳು ದಲಿತರು, ಚಿತ್ತೂರಿನವರು. ಕಲ್ಲಿನ ಪುಡಿ ಎದೆಗೆ ಇಳಿದು ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಅವರ ಎದೆಯಿಂದಲೇ. ಆ ಜನ ಸುಮ್ಮನಿರಲಿಲ್ಲ. ಇಪ್ಪತ್ತನೆ ಶತಮಾನದ ಆರಂಭದಲ್ಲೇ ಅಯೋತಿ ದಾಸರ ಬೌದ್ಧ ಸಂಘವನ್ನು ಮಾರಿಕುಪ್ಪಂನಲ್ಲಿ ಕಟ್ಟಿಕೊಂಡಿದ್ದರು. ನಮ್ಮಲ್ಲಿ ದೇವಸ್ಥಾನದ ಹೊರಗೆ ನಿಂತು ಕೈಮುಗಿಯುತ್ತಿದ್ದ ಕಾಲದಲ್ಲಿ. 1930ರಲ್ಲಿ ಕಳ್ಳರ ಹಾಗೆ ಬೆರಳಚ್ಚು ಕೊಡುವುದಿಲ್ಲ ಅಂತ ಮೂರು ವಾರ ಗಣಿ ನಿಲ್ಲಿಸಿದರು. ಬಂಡೆ ಸಿಡಿಯುವುದನ್ನು ಮುಂಚೆಯೇ ತಿಳಿಯುವ ವಿದ್ಯೆಗಾಗಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಅಲ್ಲೇ ಹುಟ್ಟಿದ್ದು 1988ರಲ್ಲಿ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ನೂರು ವರ್ಷ ಸಿಡಿದ ಮೇಲೆ ಸಂಸ್ಥೆ, ಸಂಸ್ಥೆ ಬಂದು ಹದಿಮೂರು ವರ್ಷಕ್ಕೆ ಬೀಗ.

ಇನ್ನು ನಮ್ಮ ಊರಿಗೇ ಬರೋಣ. ಮೀಥೇನು ನಮ್ಮ ನಾಲ್ಕು ತಾಲ್ಲೂಕಿನಲ್ಲಿಲ್ಲ ಅಂತ ಮೊದಲು ಹೇಳಿದಂತಾಯಿತು; ಹಾಗೆ ಹೇಳಿದ್ದು ಬಂಡೆಯ ಬಗ್ಗೆ. ಪೇಟೆಯ ಕಕ್ಕಸುಗುಂಡಿಯಲ್ಲಿ, ಮ್ಯಾನ್‌ಹೋಲಿನಲ್ಲಿ ಅದು ದಿನಾ ಹುಟ್ಟುತ್ತಿದೆ. ಅದರ ಜೊತೆಗೆ ಹೈಡ್ರೋಜನ್ ಸಲ್ಫೈಡ್ ಬೇರೆ. ಕೊಳೆತ ಮೊಟ್ಟೆಯ ವಾಸನೆ ಅದು. ಹೆಚ್ಚಾದಾಗ ಮೂಗೇ ಸತ್ತು ವಾಸನೆ ಗೊತ್ತಾಗುವುದಿಲ್ಲ, ವಾಸನೆ ಹೋಯ್ತು ಅಂತ ಧೈರ್ಯ ಮಾಡಿ ಇಳಿದವನು ಅಲ್ಲೇ ಮಲಗುತ್ತಾನೆ. ಅವನನ್ನು ಎತ್ತಲು ಹೋದ ತಮ್ಮ, ಭಾವ ಕೂಡ ಮಲಗುತ್ತಾರೆ. ಗುಂಡಿ ಸಾವಿನ ಸುದ್ದಿಗಳಲ್ಲಿ ಹೆಸರುಗಳು ಎರಡು ಮೂರು ಒಟ್ಟೊಟ್ಟಿಗೆ ಇರುವುದು ಇದಕ್ಕೇ.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಅವರ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು. 1973ರಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಬೆಂಕಿ ಹಚ್ಚಿದವರು, ತಲೆಯ ಮೇಲಿನ ಮಲ ಇಳಿಸಿದ್ದಕ್ಕೆ ಒಂದು ಹೂವು ಕೊಡಲಿಲ್ಲ. ತಲೆಯಿಂದ ಇಳಿಯಿತು ನಿಜ. ಗುಂಡಿಯೊಳಕ್ಕೆ ಇಳಿಯುವುದು ಉಳಿಯಿತು. 1993ರಲ್ಲಿ ಕಾನೂನು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು. ಸತ್ತವನ ಮನೆಗೆ 10 ಲಕ್ಷ ಎಂದು ಸುಪ್ರೀಂ ಕೋರ್ಟು 2014ರ ಮಾರ್ಚಿನಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ಹೆಣದ ರೇಟು ಏರಿದೆ. ಗುಂಡಿಯನ್ನು ಇಂಥ ತಾರೀಕಿಗೆ ಯಂತ್ರದಲ್ಲಿ ಹೀರಿ ಖಾಲಿ ಮಾಡುತ್ತೇವೆ, ಅಲ್ಲಿಯತನಕ ಯಾವೋನೂ ಮುಚ್ಚಳ ತೆಗೆಯಬಾರದು ಎಂಬ ಪ್ಲಾನು, ಗಣಿಯವರು ತಡವಾಗಿಯಾದರೂ ಬರೆದುಕೊಂಡ ಆ ಪ್ಲಾನು, ಗುಂಡಿಗೆ ಯಾಕೆ ಬರಲಿಲ್ಲ? ಗುಂಡಿಯ ಗ್ಯಾಸನ್ನು ಯಾರೂ ಹರಾಜಿಗೆ ಕರೆದಿಲ್ಲ, ಅದಕ್ಕೇ.

ನಾಲ್ಕು ಊರಿನ ಗೆಳೆಯರು ಮುಂದಿನ ತಿಂಗಳು ತಮ್ಮ ತಮ್ಮ ನಗರಸಭೆಗೆ, ಪುರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಹೀರುವ ಯಂತ್ರ ಎಷ್ಟಿವೆ, ಕೆಟ್ಟು ನಿಂತದ್ದೆಷ್ಟು? ಗುಂಡಿಯ ಗ್ಯಾಸು ಅಳೆಯುವ ಮೀಟರು ಇದೆಯೆ? ಇದ್ದರೆ ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬೀರುವಿನಿಂದ ಹೊರಗೆ ಬಂದಿದೆ, ಬೀರುವಿನ ಕೀಲಿ ಯಾರ ಹತ್ತಿರ ಇದೆ? ಬಂದ ಉತ್ತರಗಳನ್ನು ನಮಗೆ ಕಳಿಸಿ, ಬಂದ ಹಾಗೇ ಅಚ್ಚು ಹಾಕುತ್ತೇವೆ. ಉತ್ತರ ಬರದಿದ್ದರೆ ಅರ್ಜಿ ಹಾಕಿದ ತಾರೀಕನ್ನಾದರೂ ಹಾಕುತ್ತೇವೆ.